ಸುದ್ದಿ ಒಯ್ದವನು ರೊಟ್ಟಿ ತಿಂದ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಜನ ಕೆಮ್ಮುವ ಮೊದಲು ಒಮ್ಮೆ ಅತ್ತಿತ್ತ ನೋಡುತ್ತಿದ್ದರು. ನಾನು ಹತ್ತಿರದಲ್ಲಿ ಇದ್ದರೆ ಮರುದಿನ ಅದೇ ಕೆಮ್ಮು ಅವರ ಮನೆಯ ಮುಂದೆಯೇ ಇನ್ನೊಬ್ಬರ ಬಾಯಿಂದ ಕೇಳುತ್ತಿತ್ತು. ಆ ಬಾಯಿ ನನ್ನದು. ಸಾಲಿ ಗುರುಗಳು ಮೂಗಿನಿಂದ ಮಗ್ಗಿ ಹೇಳಿಸುವುದು, ಗೌಡರು ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ರೆಂದು ಕುಡಿಯುವುದು, ಅಪ್ಪ ಎತ್ತಿಗೆ ಬೈಯುತ್ತಲೇ ಅದರ ಮೈ ಸವರುವುದು, ಎಲ್ಲವೂ ನನಗೆ ಬರುತ್ತಿತ್ತು. ಆ ಮಗ್ಗಿ ಮಾತ್ರ ಬರುತ್ತಿರಲಿಲ್ಲ. ಮೊಮ್ಮಕ್ಕಳೇ, ಇದನ್ನು ನಿಮ್ಮ ಅಪ್ಪನಿಗೆ ಹೇಳಬೇಡಿ, ಅವನಿಗೆ ನಾನು ಬೇರೆಯೇ ಕಥೆ ಹೇಳಿಟ್ಟಿದ್ದೇನೆ.

ಹಂಸಭಾವಿಯಿಂದ ಎರಡು ಮೈಲಿ ಒಳಗಿನ ಸಣ್ಣ ಊರು ನಮ್ಮದು. ಮನೆಯಲ್ಲಿ ಅಪ್ಪ, ಅವ್ವ, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕ, ಮತ್ತು ಅಪ್ಪನ ಅವ್ವ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ನಾನು ಮಲಗುತ್ತಿದ್ದದ್ದು ಆಯಿಯ ಕೌದಿಯೊಳಗೆ. ಅಣಕಿಸುತ್ತೇನೆಂದು ಊರೆಲ್ಲ ನನಗೆ ಬೈದರೂ ಆಯಿ ಬೈದವಳಲ್ಲ. "ಇನ್ನೊಮ್ಮಿ ಮಾಡೋ, ಗೌಡನ ಸೊರ್ ಅನ್ನೂದು ಬರೋಬರಿ ಬರಲಿಲ್ಲ" ಎಂದು ತಿದ್ದುತ್ತಿದ್ದಳು. ನಾನು ಅವಳನ್ನೇ ಅಣಕಿಸಿದರೆ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕು, "ಅಯ್ಯ, ನಾ ಹಿಂಗ ಕಿರಿಕಿರಿ ಮಾಡ್ತೇನೇನೋ?" ಎಂದು ಕೇಳುತ್ತಿದ್ದಳು.

ನಾನು ಹೇಳಹೊರಟ ದಿನ ಶ್ರಾವಣದ್ದು. ನಾಗರ ಪಂಚಮಿಗೆ ಇನ್ನು ಮೂರು ದಿನ ಇತ್ತು. ನನಗೆ ಹತ್ತು ವರ್ಷ. ಬೆಳಿಗ್ಗೆ ನಾನು ಎದ್ದೆ, ಆಯಿ ಏಳಲಿಲ್ಲ.

ಅವ್ವ ಓಡಿ ಬಂದಳು. ಓಣಿಯ ಹೆಂಗಸರು ಬಂದರು. ಸ್ವಲ್ಪ ಹೊತ್ತಿನಲ್ಲಿ ಆಯಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ ಹಣೆತುಂಬ ವಿಭೂತಿ ಬಳಿದರು. ಮಧ್ಯಾಹ್ನ ಉಂಡು ಕೂತಲ್ಲೇ ತೂಕಡಿಸುವಾಗಲೂ ಅವಳು ಹಾಗೆಯೇ ಕಾಣುತ್ತಿದ್ದಳು. ಸುತ್ತ ಎಲ್ಲರೂ ಅಳುತ್ತಿದ್ದರು. ಅಪ್ಪ ಮಾತ್ರ ಮೂರು ಸಲ ಗಂಟಲು ಸರಿಮಾಡಿಕೊಂಡ. ನಾನು ಕಂಬ ಹಿಡಿದು ನಿಂತು ಯಾರು ಹೇಗೆ ಅಳುತ್ತಾರೆ ಎಂದು ನೋಡುತ್ತಿದ್ದೆ. ಪಕ್ಕದ ಮನೆಯಾಕೆ ಉಸಿರನ್ನು ಒಳಗೆ ಎಳೆದು ಅಳುತ್ತಿದ್ದಳು, ಗೌಡರ ಹೆಂಡತಿ ಸೆರಗನ್ನು ಬಾಯಿಗೆ ತುರುಕಿ ಅಳುತ್ತಿದ್ದಳು. ನನಗೆ ಏನೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ದವಡೆಗೆ ಸೂಜಿ ಚುಚ್ಚುತ್ತಾರಲ್ಲ, ಆಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ನನಗೆ ಮೈಯೆಲ್ಲ ಹಾಗಾಗಿತ್ತು.

ಆಗ ಅಪ್ಪ ನನ್ನನ್ನೂ ಅಕ್ಕನನ್ನೂ ಹಿತ್ತಿಲಿಗೆ ಕರೆದ. ಆಗೆಲ್ಲ ನಮ್ಮ ಕಡೆ ಸಾವಿನ ಸುದ್ದಿ ಕಾಲಿನ ಮೇಲೆ ಹೋಗಬೇಕಿತ್ತು. ಬೇರೆ ಮನೆಯಲ್ಲಿದ್ದ ಕಾಕಾ ಸೈಕಲ್ ಹತ್ತಿ ಹಿರೇಕೆರೂರಿನ ಕಡೆ ಹೋಗಿದ್ದ. ಇನ್ನೊಂದು ಕಡೆಯದು ಹೊಲದ ದಾರಿ. ಎರೆಮಣ್ಣಿನ ಕೆಸರಿನಲ್ಲಿ ಸೈಕಲ್ಲನ್ನು ಮನುಷ್ಯನೇ ಹೊರಬೇಕಾಗುತ್ತಿತ್ತು.

"ನೀವಿಬ್ರೂ ಹೋಗ್ರಿ. ಆಯಿ ಕೂಡ ವರ್ಷಾ ಹೋಗಿ ಬಂದ ಹಾದಿನ ಐತಿ. ಮೊದಲ ಅತ್ತಿ ಊರು, ಕೂಸು ಕಟ್ಟಿಕೊಂಡು ಬರಾಕ ಆಕಿಗೆ ಹೊತ್ತು ಬೇಕು. ಅಲ್ಲಿಂದ ಅಜ್ಜನ ಊರು, ಕೆರಿ ಏರಿ ಮ್ಯಾಲಿಂದ ಮನಿಗೆ. ಹೋದ ಹಾದಿಲೆ ಹೊಳ್ಳಿ ಬರಬ್ಯಾಡ್ರಿ" ಎಂದ ಅಪ್ಪ.

ಸಾವಿನ ಸುದ್ದಿ ಒಯ್ದವರು ಹೋದ ದಾರಿಯಲ್ಲೇ ತಿರುಗಿ ಬರಬಾರದು ಎಂಬುದು ನಮ್ಮ ಮನೆಯವರ ನಂಬಿಕೆ. ಹಾಗಾಗಿ ನಮ್ಮದು ಒಂದು ಸುತ್ತು. ಅತ್ತೆ ಎಂದರೆ ಅಪ್ಪನ ತಂಗಿ. ಅಜ್ಜ ಎಂದರೆ ಆಯಿಯ ಒಬ್ಬನೇ ತಮ್ಮ. ಅವನ ಮನೆಯೇ ಆಯಿಯ ತವರು.

ಅಜ್ಜನಿಗೆ ಸುದ್ದಿ ಮುಟ್ಟುವುದು ಎಲ್ಲಕ್ಕಿಂತ ಮುಖ್ಯವಾಗಿತ್ತು. ನಮ್ಮಲ್ಲಿ ಹೆಣ್ಣುಮಗಳು ತೀರಿಕೊಂಡರೆ ಅವಳ ಮೈಮೇಲಿನ ಕೊನೆಯ ಸೀರೆ ತವರಿನಿಂದ ಬರಬೇಕು. ಆಯಿ ಇದನ್ನು ನಗುತ್ತಲೇ ನೂರು ಸಲ ಹೇಳಿದ್ದಳು: "ನಿಮ್ಮಪ್ಪ ರೇಷ್ಮಿ ಸೀರಿ ತಂದ್ರೂ ಹೊಚ್ಚಬ್ಯಾಡ್ರಿ. ನನ್ನ ತಮ್ಮ ಹರಕ ಸೀರಿ ತರಲಿ, ನನಗ ಅದ ಬೇಕು." ಹಿರಿಯರು ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಬೇಕು ಎಂದು ನಿಶ್ಚಯಿಸಿದ್ದರು. ಮಳೆಗಾಲ, ಮರುದಿನದವರೆಗೆ ಇಡುವಂತಿರಲಿಲ್ಲ. ಅಷ್ಟರೊಳಗೆ ಅಜ್ಜ ಸೀರೆ ತಂದರೆ ತಂದ. ಇಲ್ಲದಿದ್ದರೆ ಆಯಿ ಅದಿಲ್ಲದೆಯೇ ಹೋಗಬೇಕಿತ್ತು.

ಸುದ್ದಿ ಒಯ್ಯುವುದಕ್ಕೂ ಒಂದು ರೀತಿ ಇತ್ತು. ಸತ್ತಳು ಎನ್ನಬಾರದು. "ಭಾಳ ಅರಾಮಿಲ್ಲ, ಈಗಿಂದೀಗ ಬರಬೇಕಂತ" ಎನ್ನಬೇಕು. ಇಬ್ಬರು ಹೋಗಬೇಕು. ಹೊಸ್ತಿಲು ದಾಟಬಾರದು, ಕೂರಬಾರದು, ನೀರು ಮುಟ್ಟಬಾರದು. ಕೇಳುವವರು ನಮ್ಮ ಮಾತನ್ನು ಅರ್ಧ ಕೇಳುತ್ತಿದ್ದರು, ನೀರಿನ ಚರಿಗೆಯನ್ನು ಪೂರಾ ನೋಡುತ್ತಿದ್ದರು. ಬಂದವರು ನೀರು ಬೇಡ ಎಂದರೆ ಮುಗಿಯಿತು, ಮತ್ತೇನೂ ಹೇಳಬೇಕಿರಲಿಲ್ಲ.

ಅಕ್ಕ ಮುಂದೆ, ನಾನು ಹಿಂದೆ. ಇಬ್ಬರ ತಲೆಯ ಮೇಲೂ ಗೋಣಿಚೀಲದ ಕೊಪ್ಪೆ. ಚೀಲದ ಒಂದು ಮೂಲೆಯನ್ನು ಇನ್ನೊಂದರೊಳಗೆ ತುರುಕಿದರೆ ತಲೆಯಿಂದ ಸೊಂಟದವರೆಗೆ ಮಳೆ ತಾಗದು. ಊರು ದಾಟುವಾಗ ಜಿಟಿಜಿಟಿ ಮಳೆ ಇತ್ತು. ಹಳ್ಳದ ಹತ್ತಿರ ಬಂದಾಗ ಬಿಸಿಲು ಬಿದ್ದಿತು. ಬಿಸಿಲಿನೊಳಗೇ ಮತ್ತೆ ಮಳೆ ಬಂತು. ಬೇರೆ ದಿನವಾಗಿದ್ದರೆ ಕಾಗೆಗೂ ನರಿಗೂ ಮದುವೆ ಎಂದು ಕುಣಿಯುತ್ತಿದ್ದೆವು. ಜೋಳ ಮೊಣಕಾಲುದ್ದ ಬಂದಿತ್ತು, ಅದರ ಎಲೆಗಳ ಮೇಲಿನ ನೀರು ಕಾಲಿಗೆ ತಣ್ಣಗೆ ಸವರುತ್ತಿತ್ತು. ಎರೆಮಣ್ಣು ಅಂಗಾಲಿಗೆ ಪದರ ಪದರವಾಗಿ ಅಂಟಿ, ನೂರು ಹೆಜ್ಜೆಗೊಮ್ಮೆ ನಾವಿಬ್ಬರೂ ಒಂದೊಂದು ಗೇಣು ಎತ್ತರವಾಗುತ್ತಿದ್ದೆವು. ಬದುವಿನ ಕಲ್ಲಿಗೆ ಕಾಲು ಕೆರೆದು ಮತ್ತೆ ಗಿಡ್ಡರಾಗುತ್ತಿದ್ದೆವು.

ಅಕ್ಕನ ಕೆನ್ನೆಯ ಮೇಲೆ ಸದ್ದಿಲ್ಲದೆ ನೀರು ಹರಿಯುತ್ತಿತ್ತು, ಮಳೆಯೋ ಅಳುವೋ ಹೇಳಲು ಬರುತ್ತಿರಲಿಲ್ಲ. ನನಗೆ ಒಳಗೊಳಗೆ ದಿಗಿಲಾಯಿತು. ಆಯಿಯ ಕೌದಿಯಲ್ಲಿ ಮಲಗುತ್ತಿದ್ದವನು ನಾನು. ಎಲ್ಲರಿಗೂ ಅಳು ಬಂದು ನನಗೇ ಬರದಿದ್ದರೆ ನನ್ನೊಳಗೆ ಏನೋ ಕೆಟ್ಟಿರಬೇಕು. ಬಾವಿಯ ರಾಟೆಗೆ ಎಣ್ಣೆ ಬಿಟ್ಟು ನೋಡುವಂತೆ ಒಂದೊಂದೇ ಅಳು ಹಚ್ಚಿ ನೋಡಿದೆ. ಪಕ್ಕದ ಮನೆಯಾಕೆಯದು ಬಂತು. ಗೌಡರ ಹೆಂಡತಿಯದು ಬಂತು. ಕೊನೆಗೆ ಅತ್ತೆಯದು ತೆಗೆದೆ. ಅತ್ತೆ ಊರೆಲ್ಲ ಬಲ್ಲ ಅಳುಬುರುಕಿ. ತವರಿಗೆ ಬಂದರೆ ಅಳು, ಹೊರಟರೆ ಅಳು, ನಡುವೆ ಹಪ್ಪಳ ಸುಟ್ಟು ಕರಿಯಾದರೂ ಅಳು. "ಯಪ್ಪಾ ಯಣ್ಣಾ" ಎಂದು ಮೇಲಕ್ಕೆ ಏರಿಸಿ, ಯಾರು ಬಂದರು ಎಂದು ನಡುವೆ ಒಂದು ಕಣ್ಣು ತೆರೆದು ನೋಡಿ, ಮತ್ತೆ ಇಳಿಸುತ್ತಿದ್ದಳು. ಆ ಒಂದು ಕಣ್ಣನ್ನೂ ಬಿಡದೆ ಮಾಡಿದೆ.

ಅಕ್ಕ ತಿರುಗಿ ನನ್ನ ಬೆನ್ನಿಗೆ ಒಂದು ಕೊಟ್ಟಳು. "ಇವತ್ತರ ಸುಮ್ಮನ ನಡಿಯೋ ಮಂಗ್ಯಾ."

ಸುಮ್ಮನೆ ನಡೆದೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ನನ್ನನ್ನು ಗುರುತಿಸಿ, "ಏ ಬಾರೋ, ನಿಮ್ಮ ಗುರುಗೋಳ ಮಗ್ಗಿ ಹೇಳಿ ಹೋಗೋ!" ಎಂದು ಕೂಗಿದರು. ಅಕ್ಕ ಅವರ ಕಡೆ ನೋಡಿದಳು, ಅಷ್ಟೇ. ಅವರು ಕಳೆ ಕೀಳುವ ಕುರ್ಚಿಗೆಯನ್ನು ಕೆಳಗಿಟ್ಟು ನಾವು ದಾಟುವವರೆಗೆ ಬಾಗದೆ ನಿಂತರು.

ಅತ್ತೆಯ ಮನೆ ಮುಟ್ಟಿದಾಗ ಅವಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಮ್ಮನ್ನು ಕಂಡು ಮುಖ ಅರಳಿತು. "ಪಂಚಮಿಗೆ ಕರಿಯಾಕ ಬಂದ್ರೇನ? ಇಬ್ರನ್ನ ಕಳಿಸ್ಯಾನಲ್ಲ ನಮ್ಮಣ್ಣ!" ಎಂದು ಒಳಗೆ ಓಡಿ ಚರಿಗೆ ತುಂಬ ನೀರು ತಂದಳು.

ಅಕ್ಕ ಹೊಸ್ತಿಲ ಆಚೆಯೇ ನಿಂತಿದ್ದಳು. "ನೀರು ಬ್ಯಾಡ ಅತ್ತಿ. ಆಯಿಗೆ ಭಾಳ ಅರಾಮಿಲ್ಲ. ಅಪ್ಪ ಈಗಿಂದೀಗ ಬಾ ಅಂದಾನ."

ಅತ್ತೆ ಚರಿಗೆಯನ್ನು ಕೆಳಗಿಟ್ಟಳು. ನಾನು ಕಾದೆ. ಈಗ ಮೇಲಕ್ಕೆ ಏರುತ್ತದೆ, ಈಗ ಒಂದು ಕಣ್ಣು ತೆರೆಯುತ್ತದೆ ಎಂದುಕೊಂಡೆ. ಅತ್ತೆ ಕಂಬಕ್ಕೆ ಬೆನ್ನು ಕೊಟ್ಟು ಹಾಗೆಯೇ ಜಾರಿ ಕೂತಳು. ಬಾಯಿ ತೆರೆದಿತ್ತು, ಸದ್ದು ಇರಲಿಲ್ಲ. ಬೂದಿ ಮೆತ್ತಿದ ಕೈಯಿಂದ ನೆಲವನ್ನು ಮೆಲ್ಲಗೆ ಸವರುತ್ತಿದ್ದಳು, ಅಲ್ಲಿ ಯಾರೋ ಮಲಗಿದ ಹಾಗೆ. ಜೀವಮಾನದಲ್ಲಿ ನಾನು ಸಾವಿರ ಮಂದಿಯನ್ನು ಅಣಕಿಸಿದ್ದೇನೆ. ಆ ಅಳು ನನಗೆ ಇವತ್ತಿಗೂ ಬರುವುದಿಲ್ಲ.

ಮಾವ ಆ ದಿನ ಹಾನಗಲ್ಲಿನ ಸಂತೆಗೆ ಹೋಗಿದ್ದ. ಅತ್ತೆಗೆ ಕೈಕೂಸೊಂದು, ನಡೆಯಲು ಹಟ ಮಾಡುವ ಇನ್ನೊಂದು ಮಗು. ಅವಳನ್ನು ಒಬ್ಬಳನ್ನೇ ಹೊರಡಿಸುವಂತಿರಲಿಲ್ಲ. ಅವಳೊಂದಿಗೆ ಗಾಡಿದಾರಿ ಹಿಡಿದು ತಾನು ಹೋಗಬೇಕೆಂದು ಅಕ್ಕ ನಿರ್ಧರಿಸಿದಳು. ಅಜ್ಜನ ಊರಿಗೆ ಉಳಿದವನು ನಾನೊಬ್ಬ.

ಊರ ಹೊರಗಿನ ಹುಣಸೆಮರದ ಕೆಳಗೆ ಅಕ್ಕ ನನ್ನ ಕೊಪ್ಪೆ ಸರಿಮಾಡಿದಳು. ಸೊಂಟದ ಮೇಲಿನ ಮಗು ಅವಳ ಜಡೆ ಎಳೆಯುತ್ತಿತ್ತು. "ಕುಂದರಬ್ಯಾಡ. ನೀರು ಕುಡೀಬ್ಯಾಡ. ಸತ್ತಾಳ ಅನಬ್ಯಾಡ. ಅಣಕಸಾಕಂತೂ ಹೋಗಬ್ಯಾಡ. ಸೀರಿ ಮಾತು ನೀ ತಗೀಬ್ಯಾಡ, ಅದು ಅಜ್ಜಗ ಗೊತ್ತೈತಿ. ಏನ ಹೇಳ್ತಿ, ಹೇಳು ನೋಡೂಣು?"

"ಆಯಿಗೆ ಭಾಳ ಅರಾಮಿಲ್ಲ. ಈಗಿಂದೀಗ ಬರಬೇಕಂತ."

"ಯಾರ ದನಿ ಇಲ್ದ ಹೇಳು."

ಆಗಲೇ ನನಗೆ ಗೊತ್ತಾದದ್ದು, ನಾನು ಅದನ್ನು ಅಕ್ಕನ ದನಿಯಲ್ಲಿ ಹೇಳಿದ್ದೆ.

ಅಲ್ಲಿಂದ ಮುಂದಿನ ದಾರಿ ನನಗೆ ತುಂಡು ತುಂಡಾಗಿ ನೆನಪಿದೆ. ಮಳೆ ಜೋರಾಯಿತು. ಹಳ್ಳದ ನೀರು ಮೊಣಕಾಲು ದಾಟಿ ಕೆಂಪಗೆ ಸುತ್ತುತ್ತಿತ್ತು. ಆಯಿ ನನ್ನನ್ನು ಹೊತ್ತು ದಾಟಿಸುತ್ತಿದ್ದ ಜಾಗ ಅದು. ಅಲ್ಲಿ ನಿಂತು ಈಗಲಾದರೂ ಅಳು ಬರುತ್ತದೆಯೋ ಎಂದು ಸ್ವಲ್ಪ ಕಾದೆ. ಬರಲಿಲ್ಲ. ದಾಟಿದೆ. ಗಾಳಿ ಬೀಸಿ ಕೊಪ್ಪೆ ಹಾರಿ ಹೋಗಿ ಬೇಲಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಳ್ಳುವಷ್ಟರಲ್ಲಿ ತಲೆಯಿಂದ ಕಾಲವರೆಗೆ ನೆಂದೆ. ಕಾಲ್ಬೆರಳು ಇವೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಯಿತು. ಒಳಗೂ ಹೊರಗೂ ಒಂದೇ ತೆರನಾಗಿತ್ತು. ಒಂದೇ ಒಂದು ಸಂಗತಿ ಮಾತ್ರ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ: ಹಸಿವು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಹಿಂದಿನ ಸಂಜೆ ಉಂಡವನು ನಾನು.

ಅಜ್ಜನ ಮನೆಯನ್ನು ನಾನು ಕಣ್ಣಿನಿಂದ ಹುಡುಕಲಿಲ್ಲ, ಮೂಗಿನಿಂದ ಹುಡುಕಿದೆ. ಓಣಿಯ ತಿರುವಿನಲ್ಲೇ ಜೋಳದ ರೊಟ್ಟಿ ಬೇಯುವ ವಾಸನೆ ಬಂತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ತಪತಪ ಕೇಳುತ್ತಿತ್ತು. ಹೊಸ್ತಿಲ ಆಚೆ ನಿಂತು, ಕಲಿತ ಹಾಗೆ, "ಅಜ್ಜಾ" ಎಂದೆ.

ಬಂದವಳು ಅಜ್ಜನ ಸೊಸೆ. "ಯವ್ವಾ! ಹುಡುಗ ನೆಂದು ತೊಪ್ಪಿ ಆಗೇತಿ! ಒಬ್ಬನ ಬಂದೀಯೇನೋ? ನಡಿ ಒಳಗ, ಮಾವಾರು ದನದ ಮನ್ಯಾಗ ಅದಾರ, ಬರ್ತಾರ." ನಾನು ಏನಾದರೂ ಹೇಳುವ ಮೊದಲು ರೆಟ್ಟೆ ಹಿಡಿದು ಎಳೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿ, ತನ್ನ ಹಳೆಯ ಸೀರೆಯ ತುಂಡಿನಿಂದ ತಲೆ ಒರೆಸಿದಳು. ಬೆಂಕಿಯ ಕಾವು ಮುಖಕ್ಕೆ ಬಡಿಯಿತು. ತಟ್ಟೆ ಮುಂದೆ ಬಂತು. ಹಂಚಿನಿಂದ ಈಗಷ್ಟೇ ಇಳಿದ ರೊಟ್ಟಿ, ಪುಂಡಿ ಪಲ್ಯ, ಮೇಲೆ ಕರಗುತ್ತಿದ್ದ ಬೆಣ್ಣೆ.

ನನ್ನ ಕೈ ನನ್ನನ್ನು ಕೇಳಲಿಲ್ಲ. ಒಂದು ರೊಟ್ಟಿ ಮುಗಿಯಿತು. ಎರಡನೆಯದು ಅರ್ಧ ಆಗಿತ್ತು. ಆಗ ಹಿತ್ತಿಲ ಬಾಗಿಲಿನಿಂದ ಅಜ್ಜ ಬಂದ. ಕಂಬಳಿ ಕೊಡವುತ್ತ, "ಯಾರೋ ಅದು? ನಮ್ಮಕ್ಕನ ಮಂಗ್ಯಾ!" ಎಂದ.

ನಾನು ತುತ್ತು ಬಾಯಲ್ಲಿ ಇಟ್ಟುಕೊಂಡೇ ಎದ್ದು ನಿಂತು ಗಡಬಡಿಸಿ ಹೇಳಿದೆ. "ಅಜ್ಜಾ, ಆಯಿಗೆ ಭಾಳ ಅರಾಮಿಲ್ಲ. ಈಗಿಂದೀಗ ಬರಬೇಕಂತ."

ಕಂಬಳಿ ಕೊಡವುತ್ತಿದ್ದ ಕೈ ನಿಂತಿತು. ಅಜ್ಜನ ಮುಖ ಬೂದಿಯಾಯಿತು. ಅವನು ನನ್ನ ಕಡೆ ನೋಡಿದ, ನನ್ನ ಹಿಂದೆ ಇನ್ನೊಬ್ಬರು ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ, ಆಮೇಲೆ ನನ್ನ ತಟ್ಟೆಯ ಕಡೆ ನೋಡಿದ. ಹರಿದ ರೊಟ್ಟಿ, ಬಳಿದ ಪಲ್ಯ. ಅವನ ಎದೆಯಿಂದ ಉಸಿರು ಬುಸ್ಸೆಂದು ಹೊರಗೆ ಬಂತು.

"ಹೌದೇನ? ಮಳಿಗಾಲದಾಗ ಆಕಿಗೆ ಆ ಕೆಮ್ಮು ಇದ್ದದ್ದ. ಕುಂದರ ಕುಂದರ, ಉಣ್ಣು. ನಾಳೆ ಮುಂಜಾನೆ ಮಳಿ ನಿಂತ ಮ್ಯಾಲ ಬರ್ತೇನಿ. ಹೆಂಗೂ ಪಂಚಮಿಗೆ ಆಕಿನ್ನ ಕರಿಯಾಕ ಬರಬೇಕಿತ್ತು" ಎಂದು ಗೋಡೆಗೆ ಒರಗಿ ಕೂತ.

ನನ್ನ ಬಾಯೊಳಗಿನ ರೊಟ್ಟಿ ಮಣ್ಣಾಯಿತು. ನಾನು ಏನು ಮಾಡಿದ್ದೆ ಎಂದು ಆಗ ತಿಳಿಯಿತು. ಬಾಯಿಯ ಮಾತು ಒಂದು ಹೇಳಿತ್ತು, ಬಾಯಿಯ ತುತ್ತು ಇನ್ನೊಂದು ಹೇಳಿತ್ತು. ಅಜ್ಜ ತುತ್ತನ್ನು ನಂಬಿದ್ದ. ನಂಬಲೇಬೇಕು, ನಮ್ಮ ಕಡೆಯ ಯಾರೇ ಆಗಿದ್ದರೂ ಅದನ್ನೇ ನಂಬುತ್ತಿದ್ದರು. ಒಬ್ಬನೇ ಬಂದ ಹುಡುಗ, ಒಲೆಯ ಮುಂದೆ ಕೂತು ರೊಟ್ಟಿ ತಿಂದ ಹುಡುಗ, ಸಾವಿನ ಸುದ್ದಿ ತಂದಿರಲು ಸಾಧ್ಯವೇ ಇರಲಿಲ್ಲ.

"ಭಾಳಂದ್ರ ಭಾಳ ಅರಾಮಿಲ್ಲ ಅಜ್ಜಾ" ಎಂದೆ.

"ಭಾಳಂದ್ರ ಭಾಳ ಅಂತ!" ಸೊಸೆ ನಕ್ಕಳು. "ಅವರಪ್ಪನ್ನ ಅಣಕಸಾಕತ್ತಾನ ನೋಡ್ರಿ ಮಾವಾರ."

ನಿಜವಾಗಿಯೂ 'ಭಾಳಂದ್ರ ಭಾಳ' ಅಪ್ಪನ ಮಾತು. ಅದು ನನಗೆ ಅಪ್ಪನ ದನಿಯಲ್ಲೇ ಬಂದಿತ್ತು. ನಾನು ಮತ್ತೊಮ್ಮೆ ಹೇಳಹೋದೆ, ಈ ಸಲ ಗುರುಗಳ ಮೂಗು ಸೇರಿಕೊಂಡಿತು. ಹೆದರಿಕೆಯಾದಾಗ ಬೇರೆ ಹುಡುಗರು ಅವ್ವನ ಸೆರಗು ಹಿಡಿಯುತ್ತಾರೆ, ನಾನು ಯಾರದಾದರೂ ದನಿ ಹಿಡಿಯುತ್ತಿದ್ದೆ. ಅಜ್ಜ ತೊಡೆ ತಟ್ಟಿಕೊಂಡು ನಕ್ಕ. ಅವನಿಗೆ ಒಳಗಿನ ಭಾರ ಇಳಿದ ಖುಷಿ.

"ನಮ್ಮಕ್ಕ ನನಗ ಹೆಂಗ ಬೈತಾಳ, ಅದನ್ನ ಮಾಡೋ ಒಮ್ಮಿ. ಕೇಳಿ ಭಾಳ ದಿನಾ ಆತು."

ಮಾಡುವುದಿಲ್ಲ ಎನ್ನಬೇಕಿತ್ತು. ಬಾಯಿ ತೆರೆದೆ, ಆಯಿ ಹೊರಗೆ ಬಂದಳು. "ಏ ತಮ್ಮಾ, ಅಕ್ಕ ಅದಾಳೋ ಸತ್ತಾಳೋ ಅಂತ ನೋಡಾಕರ ಬಂದೇನೋ ಈ ಕಡೆ? ಎಮ್ಮಿ ಈತಂದ್ರ ಓಡ್ತಿ, ಅಕ್ಕ ಕರದ್ರ ಬರಾಕ ಕಾಲು ನೋಯ್ತಾವು ನಿನಗ..." ಅದೇ ಎಳೆತ, ಹಲ್ಲಿಲ್ಲದ ಅದೇ ಸೊಟ್ಟ ಮಾತು. ಸೊಸೆ ಹಿಟ್ಟಿನ ಕೈಯಿಂದ ಕಣ್ಣು ಒರೆಸಿಕೊಂಡು ನಗುತ್ತಿದ್ದಳು. ಅಜ್ಜನ ಭುಜಗಳು ಕುಲುಕುತ್ತಿದ್ದವು.

ನಡುವೆಯೇ ನಾನು ನಿಲ್ಲಿಸಿದೆ. ಹೊರಗೆ ಮಳೆ ನಿಂತು ಬಾಗಿಲಿನಲ್ಲಿ ಬಿಸಿಲು ಓರೆಯಾಗಿ ಬಿದ್ದಿತ್ತು. ಹೊತ್ತು ಬಾಗಿದೆ ಎಂದು ಅದನ್ನು ನೋಡಿಯೇ ತಿಳಿಯಿತು. ಪಡಸಾಲೆಯಲ್ಲಿ ಆಯಿ ಕೂತಿದ್ದಾಳೆ, ಎಲ್ಲರೂ ದಾರಿ ನೋಡುತ್ತಿದ್ದಾರೆ, ಇಲ್ಲಿ ನಾನು ಅವಳನ್ನು ಕುಣಿಸುತ್ತಿದ್ದೇನೆ. ಅಕ್ಕ ಬೇಡ ಎಂದದ್ದರಲ್ಲಿ ಹೆಚ್ಚಿನದನ್ನು ಆಗಲೇ ಮಾಡಿ ಮುಗಿಸಿದ್ದೆ. ಉಳಿದಿದ್ದದ್ದು ಎರಡೇ ಮಾತು.

"ಆಯಿ ಸತ್ತಾಳ ಅಜ್ಜಾ. ಮುಂಜಾನೆ ಸತ್ತಳು. ಹೊತ್ತು ಮುಳುಗೂದ್ರಾಗ ಮಣ್ಣು ಮಾಡ್ತಾರ. ನೀ ಸೀರಿ ತರಬೇಕು."

ಸೊಸೆ ಇನ್ನೂ ನಗುತ್ತಲೇ ಇದ್ದಳು. "ಇದ್ಯಾರ ದನಿಯೋ? ಇದನ್ನ ನಾ ಕೇಳಿಲ್ಲ."

"ನಂದು" ಎಂದೆ.

ಮೊದಲು ಅಜ್ಜನ ಭುಜ ನಿಂತಿತು. ಆಮೇಲೆ ಅವಳ ನಗು ನಿಂತಿತು. ಹಂಚಿನ ಮೇಲೆ ರೊಟ್ಟಿ ಹೊಗೆಯಾಡಿ ಕರಿಯಾಯಿತು, ಯಾರೂ ತೆಗೆಯಲಿಲ್ಲ. ಅಜ್ಜ ನನ್ನ ತಟ್ಟೆಯ ಕಡೆ ಮತ್ತೊಮ್ಮೆ ನೋಡಿದ. ಹೊಡೆಯುತ್ತಾನೆ ಎಂದು ಕೆನ್ನೆ ಗಟ್ಟಿ ಮಾಡಿ ನಿಂತೆ. ಅವನು ಗೋಡೆಗೆ ಕೈಕೊಟ್ಟು ಎದ್ದು ದೇವರ ಕೋಣೆಗೆ ಹೋದ. ಬರುವಾಗ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಕೈಯಲ್ಲಿತ್ತು. ಪಂಚಮಿಗೆ ಆಯಿಗೆಂದು ತಂದಿಟ್ಟ ಸೀರೆ. ಅದನ್ನು ಎದೆಗೆ ಹಿಡಿದು, ಮೇಲೆ ಕಂಬಳಿ ಹೊದ್ದು, "ನಡಿ" ಎಂದ.

ಕೆರೆಯ ಏರಿಯ ಮೇಲಿನ ದಾರಿ ಎರಡೂವರೆ ಮೈಲಿ. ಒಂದು ಕಡೆ ಕೆರೆ, ಇನ್ನೊಂದು ಕಡೆ ಕೆಳಗೆ ಭತ್ತದ ಗದ್ದೆ. ಅಜ್ಜ ಓಡುವುದಕ್ಕೆ ಸ್ವಲ್ಪ ಕಡಿಮೆ ನಡೆಯುತ್ತಿದ್ದ. ನಾನು ನಡೆಯುವುದಕ್ಕೆ ಸ್ವಲ್ಪ ಹೆಚ್ಚು ಓಡುತ್ತಿದ್ದೆ. ಸೂರ್ಯ ಪಡುವಣದಲ್ಲಿ ಎರಡು ಮಾರು ಮೇಲಿದ್ದ. ದಿನವೆಲ್ಲ ಬಿಸಿಲು ಬರಲಿ ಎಂದು ಬಯಸಿದವನು ಈಗ ಹತ್ತು ಹೆಜ್ಜೆಗೊಮ್ಮೆ ಆ ಸೂರ್ಯ ಎಷ್ಟು ಇಳಿದ ಎಂದು ಅಳೆಯುತ್ತಿದ್ದೆ. ನೋಡುತ್ತಿದ್ದಂತೆಯೇ ಅವನು ಒಂದು ಮಾರಿಗೆ ಇಳಿದ. ಆಗ ಕೆರೆಯ ಆಚೆಯಿಂದ ದಟ್ಟ ಮೋಡವೊಂದು ಎದ್ದು ಬಂದು ಪಡುವಣವನ್ನೆಲ್ಲ ಮುಚ್ಚಿಬಿಟ್ಟಿತು. ನೀರಿನ ಮೇಲೆ ಮಳೆಯ ಹೆಜ್ಜೆ ಸರಸರ ನಮ್ಮ ಕಡೆಗೆ ಬಂತು.

ಅಜ್ಜ ಕಂಬಳಿಯ ಒಂದು ಅಂಚನ್ನು ನನ್ನ ಮೇಲೆ ಎಳೆದ. ಒಳಗೆ ಸೀರೆಯ ಹೊಸ ಗಂಜಿಯ ವಾಸನೆ ಇತ್ತು. ಹೆಜ್ಜೆ ನಿಲ್ಲಿಸದೆ ಕೇಳಿದ: "ರೊಟ್ಟಿ ಹೊಟ್ಟಿ ತುಂಬ ತಿಂದ್ಯೋ ಇಲ್ಲೋ?"

"ಒಂದೂವರಿ ತಿಂದೆ."

"ಚೊಲೋ ಆತು. ಆಕಿ ಮೊಮ್ಮಗನ್ನ ಹಸದ ಹೊಟ್ಟೀಲೆ ಕಳಿಸಿದ್ರ ಆಕಿ ನನಗ ಬಿಡ್ತಿದ್ದಿಲ್ಲ."

ಇನ್ನೂ ಸ್ವಲ್ಪ ದೂರ ನಡೆದೆವು. ಕಂಬಳಿಯೊಳಗೆ ಮುಖ ಕಾಣುವುದಿಲ್ಲವಾದ್ದರಿಂದ ನಾನು ಧೈರ್ಯ ಮಾಡಿದೆ. "ಅಜ್ಜಾ, ನನಗ ಅಳು ಬರವಲ್ದು."

"ನನಗೂ ಬಂದಿಲ್ಲ. ನೋಡಿ ನಡಿ, ಜಾರ್ತೈತಿ" ಎಂದ ಅಜ್ಜ.

ಮನೆಯ ಮುಂದೆ ಜನ ನೆರೆದಿದ್ದರು. ಹಿರಿಯರಲ್ಲಿ ವಾದ ನಡೆದಿತ್ತು. ಮೋಡದ ಹಿಂದಿನ ಸೂರ್ಯ ಮುಳುಗಿದನೋ ಇಲ್ಲವೋ ಯಾರಿಗೂ ಹೇಳಲು ಬರುತ್ತಿರಲಿಲ್ಲ. "ಮುಳುಗೇತಿ, ಎತ್ರಿ ಇನ್ನ" ಎಂದು ಒಬ್ಬರು. "ಎಲ್ಲಿ ಮುಳುಗೇತಿ, ತೋರಸ್ರಿ ನೋಡೂಣು" ಎಂದು ಇನ್ನೊಬ್ಬರು. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ. "ಮುಳುಗಿದ್ದು ನನ್ನ ಕಣ್ಣಿಗೆ ಕಾಣೂತನಕ ಮುಳುಗಿಲ್ಲ" ಎಂದು ಅವನು ಎಷ್ಟು ಸಲ ಹೇಳಿದ್ದನೋ, ದನಿ ಒಡೆದುಹೋಗಿತ್ತು. ಅಷ್ಟರಲ್ಲಿ ನನ್ನನ್ನೂ ಅಜ್ಜನನ್ನೂ ಅಕ್ಕ ಕಂಡಳು. "ಬಂದ್ರು!" ಎಂದಳು. ಅಪ್ಪ ಪಕ್ಕಕ್ಕೆ ಸರಿದು ನಾಲ್ಕನೆಯ ಸಲ ಗಂಟಲು ಸರಿಮಾಡಿಕೊಂಡ.

ಸೀರೆ ಹಸಿರು ಬಣ್ಣದ್ದು, ಕೆಂಪು ಅಂಚು. ಅಷ್ಟು ಮಳೆಯಲ್ಲಿ ಬಂದರೂ ಒಂದು ಮೂಲೆಯೂ ಒದ್ದೆಯಾಗಿರಲಿಲ್ಲ. ಅಜ್ಜ ಅದನ್ನು ತಾನೇ ಆಯಿಗೆ ಹೊಚ್ಚಿದ. ಅಂಚು ಸೊಟ್ಟಗೆ ಬಿದ್ದಿತ್ತು, ಬಗ್ಗಿ ನೆಟ್ಟಗೆ ಮಾಡಿದ. ಅತ್ತೆ, ಅವ್ವ, ಅಕ್ಕ, ಎಲ್ಲರೂ ಒಮ್ಮೆಲೇ ಅತ್ತರು. ನಾನು ಕಂಬ ಹಿಡಿದು ನಿಂತು ಆ ಅಂಚನ್ನೇ ನೋಡುತ್ತಿದ್ದೆ. "ಈ ಹುಡುಗಗ ಕಣ್ಣಾಗ ಒಂದ ಹನಿ ಇಲ್ಲ ನೋಡ್ರಿ" ಎಂದು ಯಾರೋ ಅಂದರು. ಅಜ್ಜ ಬಂದು ನನ್ನ ಪಕ್ಕ ನಿಂತ. ಕಂಬದ ಎರಡೂ ಕಡೆ ಇಬ್ಬರೂ ಹಾಗೆಯೇ ನಿಂತಿದ್ದೆವು.

ಈಗ ಹಾನಗಲ್ಲಿನ ಈ ಮನೆಯಲ್ಲಿ ನಿಮ್ಮ ಜೊತೆ ಕೂತಿದ್ದೇನೆ. ಸುದ್ದಿ ಎಂದರೆ ನಿಮಗೆ ಫೋನು ಟಿಂಗ್ ಎನ್ನುವುದು. ಹಾರ ಹಾಕಿದ ಫೋಟೋ ಬರುತ್ತದೆ. ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತವೆ. ನಡುವೆ ಯಾರೋ ಒಬ್ಬ ಮುದುಕ ತಪ್ಪಿ ಗುಲಾಬಿ ಹೂವಿನ ಶುಭೋದಯ ಕಳಿಸಿರುತ್ತಾನೆ. ಕಳೆದ ತಿಂಗಳು ಆ ಮುದುಕ ನಾನೇ. ನಿಮ್ಮ ಕಾಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಹತ್ತು ವರ್ಷದ ಹುಡುಗನೊಬ್ಬ ಹಸಿದು, ನೆಂದು, ಹಳ್ಳ ದಾಟಿ ಹೋಗಿ ಬಾಯಿಬಿಟ್ಟು ಆ ಮಾತು ಹೇಳಬೇಕಾಗಿಲ್ಲ, ಅದು ಒಳ್ಳೆಯದೇ.

ಸಂದೇಶದ ಕೆಳಗೆ ಎರಡು ನೀಲಿ ಗೆರೆ ಬಂದರೆ ಸುದ್ದಿ ಮುಟ್ಟಿದೆ ಎಂದು ಅರ್ಥವಂತೆ, ಮೊನ್ನೆ ನೀವೇ ಹೇಳಿಕೊಟ್ಟಿರಿ. ಆ ಗೆರೆ ಬರುವುದನ್ನು ನಾನು ಕನ್ನಡಕ ಹಾಕಿಕೊಂಡು ನೋಡುತ್ತಾ ಕೂರುತ್ತೇನೆ. ಬರುತ್ತದೆ, ಆಮೇಲೆ ಎಲ್ಲ ಸುಮ್ಮನಾಗುತ್ತದೆ. ನಮಗೆ ಸುದ್ದಿ ಮುಟ್ಟಿತು ಎಂದು ಗೊತ್ತಾಗುತ್ತಿದ್ದದ್ದು ಕೇಳಿದ ಮನುಷ್ಯ ಕೈಯಲ್ಲಿದ್ದ ಕೆಲಸ ಬಿಟ್ಟು, ಕಂಬಳಿ ಹೊದ್ದು, ನಮ್ಮ ಜೊತೆ ಮಳೆಗೆ ಇಳಿದಾಗ.